ಚಿಕ್ಕಬೆಟ್ಟದ ಶಾಸನಗಳು ಮತ್ತು ವಿದ್ಯಾರ್ಥಿಗಳ ಕ್ಷೇತ್ರದರ್ಶನ: ಡಿಜಿಟಲ್ ಸಾಧನಗಳ ಪ್ರಯೋಜನವನ್ನು ಕುರಿತು ಒಂದು ವಿವೇಚನೆ

ಶ್ರವಣಬೆಳಗೊಳಕ್ಕೆ ಪ್ರತಿವರ್ಷವೂ ಶಾಲಾಕಾಲೇಜುಗಳ ವಿದ್ಯಾರ್ಥಿಗಳು ಪ್ರವಾಸ ಬರುವುದು ವಾಡಿಕೆ. ಅವರಲ್ಲಿ ಬಹುಮಂದಿ ದೊಡ್ಡಬೆಟ್ಟವನ್ನೇರಿ 58 ಅಡಿ ಎತ್ತರದ ಗೊಮ್ಮಟಮೂರ್ತಿಯ ದರ್ಶನ ಪಡೆದು ಹಿಂದಿರುಗುತ್ತಾರೆ. ಎದುರಿನ ಚಿಕ್ಕಬೆಟ್ಟವನ್ನು ಏರುವವರು ಕಡಮೆ. ಏರಿದರೂ ಅಲ್ಲಿಯ ಬಂಡೆಗಳ ಮೇಲಿನ ಬರೆಹವನ್ನು ನಿಂತು ನೋಡುವವರು ಇನ್ನೂ ಕಡಮೆ. ಇತಿಹಾಸದ ದೃಷ್ಟಿಯಿಂದ ಈ ಕ್ಷೇತ್ರದ ಅತಿ ಪ್ರಾಚೀನವಾದ ಲಿಖಿತ ಸಂಪತ್ತು ಇರುವುದು ಅಲ್ಲಿಯೇ ಎಂಬುದನ್ನು ನೆನೆದಾಗ ಇದು ಸಣ್ಣ ನಷ್ಟವೆನಿಸದು.

ಈ ಶಾಸನಗಳ ಸಂಗ್ರಹಕಾರ್ಯವು ಮೂರು ಘಟ್ಟಗಳಲ್ಲಿ ಬೆಳೆದುಬಂದಿದೆ. ಬಿ. ಎಲ್. ರೈಸ್ ಅವರು 1889ರಲ್ಲಿ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು 1923ರ ಪರಿಷ್ಕೃತ ಆವೃತ್ತಿಯಲ್ಲಿ ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1973ರಲ್ಲಿ ಹೊರತಂದ ಸಂಪುಟದಲ್ಲಿ 573 ಶಾಸನಗಳಿವೆ. ಇವುಗಳಲ್ಲಿ 271 ಚಿಕ್ಕಬೆಟ್ಟದವು, 172 ದೊಡ್ಡಬೆಟ್ಟದವು, 80 ಊರಿನವು, 50 ಸುತ್ತಣ ಗ್ರಾಮಗಳವು. ಹೀಗೆ ಪಾಠವೇನೋ ಅಚ್ಚಾಗಿ ಸುರಕ್ಷಿತವಾಗಿದೆ. ಆದರೆ ಗ್ರಂಥಾಲಯದಲ್ಲಿರುವ ಪಾಠಕ್ಕೂ ಬೆಟ್ಟದ ಮೇಲಿರುವ ಕಲ್ಲಿಗೂ ನಡುವಣ ದೂರವನ್ನು ದಾಟುವ ಸೇತುವೆ ಸಾಮಾನ್ಯ ವಿದ್ಯಾರ್ಥಿಗೆ ದೊರೆತಿಲ್ಲ. ಪೂರ್ವದ ಹಳಗನ್ನಡ ಲಿಪಿ ಅವನಿಗೆ ಅಪರಿಚಿತ; ಗಾಳಿಮಳೆಗಳಿಂದ ಸವೆದ ಅಕ್ಷರಗಳಾದರೋ ನಡುಹಗಲಿನ ನೇರ ಬಿಸಿಲಿನಲ್ಲಿ ಕಣ್ಣಿಗೇ ಬೀಳುವುದಿಲ್ಲ.

ಇಲ್ಲಿಯೇ ಡಿಜಿಟಲ್ ವಿಧಾನಗಳ ಉಪಯೋಗ ಕಾಣುವುದು. ಕ್ಯಾಮರಾವನ್ನು ಒಂದೆಡೆ ನಿಲ್ಲಿಸಿ, ಬೆಳಕನ್ನು ಬೇರೆ ಬೇರೆ ದಿಕ್ಕುಗಳಿಂದ ಹಾಯಿಸಿ ತೆಗೆದ ಹಲವು ಚಿತ್ರಗಳನ್ನು ಗಣಕಯಂತ್ರದಲ್ಲಿ ಒಂದುಗೂಡಿಸಿದರೆ, ನೋಡುವವನು ತನಗೆ ಬೇಕಾದ ಕಡೆಯಿಂದ ಬೆಳಕನ್ನು ಹರಿಸಿ ಅಕ್ಷರಗಳ ತಗ್ಗುಗಳನ್ನು ಗುರುತಿಸಬಹುದು. ಈ ವಿಧಾನದ ಮೂಲರೂಪವನ್ನು 2001ರಲ್ಲಿ ಟಾಮ್ ಮಾಲ್ಜ್‌ಬೆಂಡರ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದರು. ಕಲ್ಲಿನ ಮೇಲ್ಮೈಯನ್ನು ಮೂರು ಆಯಾಮಗಳಲ್ಲಿ ಅಳೆದುಕೊಳ್ಳುವ ಸ್ಕ್ಯಾನರುಗಳೂ ಬಂದಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಆರಂಭಿಸಿದ ಯೋಜನೆಯು ಬೆಂಗಳೂರು ಪ್ರದೇಶದ ಶಾಸನಗಳನ್ನು ಈ ಬಗೆಯಲ್ಲಿ ದಾಖಲಿಸಿ ತೋರಿಸಿಕೊಟ್ಟಿದೆ. ಕಾಗದವನ್ನು ನೆನೆಸಿ ಬಡಿದು ಶಾಯಿ ಹಚ್ಚುವ ಪಡಿಯಚ್ಚಿನ ಕ್ರಮದಂತೆ ಇಲ್ಲಿ ಕಲ್ಲನ್ನು ಮುಟ್ಟಬೇಕಾಗಿಲ್ಲ. ಪೂಜಾಸ್ಥಾನಗಳ ವಿಷಯದಲ್ಲಿ ಇದು ಮುಖ್ಯವಾದ ಅನುಕೂಲ.

ಆದರೆ ಅಕ್ಷರವನ್ನು ಕಾಣಿಸಿದ ಮಾತ್ರಕ್ಕೆ ಇತಿಹಾಸವನ್ನು ಕಾಣಿಸಿದಂತಾಗುವುದಿಲ್ಲ. ಇದಕ್ಕೆ ಚಿಕ್ಕಬೆಟ್ಟವೇ ನಿದರ್ಶನ. ಭದ್ರಬಾಹುಗಳೊಡನೆ ಮೌರ್ಯ ಚಂದ್ರಗುಪ್ತನು ಇಲ್ಲಿಗೆ ಬಂದನೆಂಬ ಕಥೆಯನ್ನು ಪ್ರವಾಸಿಗರೆಲ್ಲರೂ ಕೇಳುತ್ತಾರೆ. ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯ ಮೇಲಿರುವ, ಸುಮಾರು ಕ್ರಿ. ಶ. 600ರ ಸಂಸ್ಕೃತ ಶಾಸನವು ಭದ್ರಬಾಹುಸ್ವಾಮಿಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡುದನ್ನೂ ಸಂಘವು ದಕ್ಷಿಣಕ್ಕೆ ಬಂದುದನ್ನೂ ಹೇಳುತ್ತದೆ. ಕಟವಪ್ರ ಗಿರಿಯಲ್ಲಿ ಸಮಾಧಿ ಹೊಂದಿದವರೆಂದು ಅದು ಹೆಸರಿಸುವುದು ಪ್ರಭಾಚಂದ್ರರನ್ನು. ಚಂದ್ರಗುಪ್ತನ ಹೆಸರು ಅಲ್ಲಿಲ್ಲ. ಸುಮಾರು 650ರ ಇನ್ನೊಂದು ಶಾಸನದಲ್ಲಿ ಭದ್ರಬಾಹು ಮತ್ತು ಚಂದ್ರಗುಪ್ತ ಮುನೀಂದ್ರರ ಹೆಸರುಗಳು ಜೊತೆಯಾಗಿ ಬರುತ್ತವೆ. ಚಂದ್ರಗುಪ್ತ ಬಸದಿಯ ಜಾಲಂಧ್ರಗಳಲ್ಲಿ ದಾಸೋಜನು ಈ ಮಹನೀಯರ ಚರಿತ್ರೆಯ 90 ದೃಶ್ಯಗಳನ್ನು ಕಂಡರಿಸಿದುದು 12ನೆಯ ಶತಮಾನದಲ್ಲಿ. ಪ್ರಭಾಚಂದ್ರರೇ ಚಂದ್ರಗುಪ್ತನೆಂದು ರೈಸ್ ಅವರು ವಾದಿಸಿದರು. ಫ್ಲೀಟ್ ಅವರು ಅದನ್ನು ಒಪ್ಪಲಿಲ್ಲ.

ಆದುದರಿಂದ ಈ ಬೆಟ್ಟಕ್ಕಾಗಿ ಸಿದ್ಧಪಡಿಸುವ ಯಾವುದೇ ಡಿಜಿಟಲ್ ಮಾರ್ಗದರ್ಶಿಯು ಇವೆಲ್ಲವನ್ನೂ ಕಲಸಿ ಒಂದೇ ಚಲನಚಿತ್ರವನ್ನಾಗಿ ಮಾಡಿದರೆ, ಸಾಧನವು ಎಷ್ಟೇ ಹೊಸದಾದರೂ ಇತಿಹಾಸಕ್ಕೆ ಅಪಚಾರವಾಗುತ್ತದೆ. ಪ್ರತಿಯೊಂದು ಆಧಾರವನ್ನೂ ಅದರ ಕಾಲದೊಡನೆ ಬೇರೆಬೇರೆಯಾಗಿ ಇಡಬೇಕು. ಮೊದಲು ಕಲ್ಲಿನ ಚಿತ್ರ, ಅನಂತರ ಲಿಪ್ಯಂತರ, ಆಮೇಲೆ ಹೊಸಗನ್ನಡದ ಅರ್ಥ, ಕೊನೆಗೆ ವಿದ್ವಾಂಸರ ಭಿನ್ನಾಭಿಪ್ರಾಯ ಎಂಬ ಕ್ರಮವು ಯುಕ್ತ. ಓಲೆಗರಿಯ ಛಾಯಾಚಿತ್ರವು ಹೇಗೆ ಗ್ರಂಥಸಂಪಾದನೆಯಾಗಲಾರದೋ ಹಾಗೆಯೇ ಕಲ್ಲಿನ ಪ್ರತಿಬಿಂಬವು ಪಾಠನಿರ್ಣಯವಾಗಲಾರದು. ಪಾಠಾಂತರಗಳನ್ನು ತೂಗಿನೋಡುವ ವಿವೇಕವನ್ನು ವಿದ್ಯಾರ್ಥಿಗೆ ಕಲಿಸುವುದೇ ಇಂತಹ ಪ್ರವಾಸದ ನಿಜವಾದ ಫಲ.

ಇನ್ನೊಂದು ಮಾತನ್ನೂ ಹೇಳಬೇಕಾಗಿದೆ. ಚಿಕ್ಕಬೆಟ್ಟದ ಪ್ರಾಚೀನ ಶಾಸನಗಳಲ್ಲಿ ಹೆಚ್ಚಿನವು ಸನ್ಯಸನ ವಿಧಿಯಿಂದ ಮುಡಿಪಿದ ಮುನಿಗಳ ಮತ್ತು ಕಂತಿಯರ ಸ್ಮಾರಕಗಳು. ಆ ಬೆಟ್ಟವು ವಸ್ತುಸಂಗ್ರಹಾಲಯವಲ್ಲ, ನಿಷಿಧಿಭೂಮಿ. ಯಂತ್ರದ ಧ್ವನಿಯಾಗಲಿ ಬೆಳಕಾಗಲಿ ಅಲ್ಲಿಯ ಮೌನವನ್ನು ಕದಡಬಾರದು. ಚಿತ್ರ ಮತ್ತು ಪಾಠಗಳನ್ನು ತರಗತಿಯಲ್ಲಿಯೇ ಮುಂಚಿತವಾಗಿ ಪರಿಚಯಮಾಡಿಸಿ, ಬೆಟ್ಟದ ಮೇಲೆ ಕಲ್ಲನ್ನೇ ನೋಡಲು ಬಿಡುವುದು ಉತ್ತಮ. ಹಾಗೆ ಸಿದ್ಧನಾಗಿ ಬಂದ ವಿದ್ಯಾರ್ಥಿಯು ಬಂಡೆಯ ಮೇಲೆ ಒಂದು ಹೆಸರನ್ನಾದರೂ ತಾನೇ ಓದಿಕೊಂಡರೆ, ಅಲ್ಲಿ ದೇಹವನ್ನು ಬಿಟ್ಟವರಿಗೆ ಅದಕ್ಕಿಂತ ಮಿಗಿಲಾದ ಗೌರವವಿಲ್ಲ. ಕ್ಷೇತ್ರದ ಹಿರಿಯರೂ ಶಾಸನತಜ್ಞರೂ ಅಧ್ಯಾಪಕರೂ ಒಟ್ಟುಗೂಡಿ ಈ ಕಾರ್ಯವನ್ನು ಕೈಗೊಳ್ಳುವುದು ಅಗತ್ಯ.