ಬಾವುಟಕ್ಕೆ ಒಪ್ಪಂದ, ಓಟಿಗೆ ಸಮಿತಿ

ವಿದುರಾಶ್ವತ್ಥದ ಗೋಲಿಬಾರು ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಯಾರಿಗೆ ಗೊತ್ತಿಲ್ಲ? ಆಗ ಇವೆಲ್ಲ ಕೋಲಾರ ಜಿಲ್ಲೆಯ ತಾಲ್ಲೂಕುಗಳು. 1938ರ ಏಪ್ರಿಲ್ 25ರಂದು, ಕಾಂಗ್ರೆಸ್ ಬಾವುಟ ಏರಿಸಲು ಸೇರಿದ್ದ ಜನರ ಮೇಲೆ ಮೈಸೂರು ಸರ್ಕಾರದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಸರ್ಕಾರದ ಪ್ರಕಾರ 10ರ ಆಸುಪಾಸು, ಜನರ ಪ್ರಕಾರ 30ಕ್ಕೂ ಮೇಲೆ. ಹೆಣ ಎಣಿಸೋದ್ರಲ್ಲೂ ಎರಡು ಲೆಕ್ಕ!

ಆಮೇಲಿನ ಮಾತುಕತೆಯ ಕತೆಯನ್ನು ಮಾತ್ರ ಯಾರೂ ಅಷ್ಟಾಗಿ ಹೇಳೋದಿಲ್ಲ. ಮುಂದಿನ ತಿಂಗಳೇ ಸರ್ದಾರ್ ಪಟೇಲ್, ಆಚಾರ್ಯ ಕೃಪಲಾನಿ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಕೂತರು. ಬಾವುಟದ ಜಗಳ ಅಲ್ಲೇ ಮುಗಿಯಿತು: ಕಾಂಗ್ರೆಸ್ಸಿನದೂ ಹಾರಲಿ, ಮೈಸೂರಿನದೂ ಹಾರಲಿ. ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು. ಜನರಿಗೆ ಉತ್ತರ ಕೊಡುವ ಸರ್ಕಾರ ಬೇಕೋ ಬೇಡವೋ ಅನ್ನೋದು ಸುಧಾರಣಾ ಸಮಿತಿಯ ಪಾಲಿಗೆ ಹೋಯಿತು. 1940ರಲ್ಲಿ ಕಾಯ್ದೆ ಬಂತು, ಅಂಥ ಸರ್ಕಾರ ಬರಲಿಲ್ಲ.

ಆ ಮಾತುಕತೆಯಲ್ಲಿ ನಮ್ಮ ಕೇರಿಗಳ ಪರವಾಗಿ ಕೂತವರು ಯಾರು?

ಪ್ರಜಾಪ್ರತಿನಿಧಿ ಸಭೆ 1881ರಿಂದಲೇ ಇತ್ತು. ಆದರೆ ಓಟು ಕಂದಾಯ ಕಟ್ಟುವವನದು, ಆಸ್ತಿವಂತನದು, ಡಿಗ್ರಿ ಓದಿದವನದು. ಹೊಲಗೇರಿ, ಮಾದಿಗೇರಿಗಳಲ್ಲಿ ಕಂದಾಯ ಕಟ್ಟೋಕೆ ಹೊಲ ಎಷ್ಟು ಜನಕ್ಕಿತ್ತು? ಡಿಗ್ರಿಯಂತೂ ನಮ್ಮ ಮನೆಗಳಿಗೆ ಬಂದದ್ದೇ ನಮ್ಮ ಕಾಲಕ್ಕೆ. ಬೆಳೆ ನಮ್ಮವರ ಬೆವರಿನದು, ಕಂದಾಯದ ರಸೀತಿ ಗೌಡನ ಹೆಸರಿಗೆ, ಓಟೂ ಗೌಡನಿಗೆ. ಬಾಬಾಸಾಹೇಬರು 1928ರಲ್ಲೇ ಸೈಮನ್ ಆಯೋಗದ ಮುಂದೆ ವಯಸ್ಕರಿಗೆಲ್ಲ ಓಟು ಕೇಳಿದ್ದರು. 1932ರ ಪೂನಾ ಒಪ್ಪಂದದ ಮೀಸಲು ಸ್ಥಾನಗಳು ಬ್ರಿಟಿಷ್ ಪ್ರಾಂತ್ಯಗಳವು, ಮಹಾರಾಜರ ಗಡಿಯೊಳಗೆ ಅವುಗಳ ಅಧಿಕಾರ ನಡೆಯಲಿಲ್ಲ.

1947ರಲ್ಲಿ ಮೈಸೂರು ಚಲೋ ಆಯಿತು. ಅಕ್ಟೋಬರಿನಲ್ಲಿ ಅರಮನೆ ಮಣಿಯಿತು, ಇದೇ ಕೋಲಾರ ಜಿಲ್ಲೆಯ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಆಗಲೂ ಮಾತಾಡಿದ್ದು ಕಾಂಗ್ರೆಸ್ಸು ಮತ್ತು ಅರಮನೆ. ನಮ್ಮವರ ಕೈಗೆ ಚೀಟಿ ಬಂದದ್ದು ಸಂವಿಧಾನ ಬಂದ ಮೇಲೆ, 1951-52ರ ಚುನಾವಣೆಯಲ್ಲಿ.

ಕೋಲಾರ ಲೋಕಸಭಾ ಕ್ಷೇತ್ರಕ್ಕೆ ಆಗ ಇಬ್ಬರು ಸದಸ್ಯರು, ಒಂದು ಸ್ಥಾನ ಮೀಸಲು. ಎಂ.ವಿ. ಕೃಷ್ಣಪ್ಪನವರ ಜೊತೆ ದೊಡ್ಡತಿಮ್ಮಯ್ಯನವರು ಗೆದ್ದು ದೆಹಲಿಗೆ ಹೋದರು. ಇಂಥ ಜೋಡಿ ಕ್ಷೇತ್ರಗಳನ್ನು 1961ರ ಕಾಯ್ದೆ ತೆಗೆದುಹಾಕಿತು. ಅಂದಿನ ಏರ್ಪಾಡು ಅಕ್ಷರ ಬಾರದವರಿಗೂ ಸಲ್ಲುವಂಥದು. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರ ಗುರುತಿನ ಚಿತ್ರ. ಹೆಸರು ಬರೆಯಬೇಕಿಲ್ಲ, ಮುದ್ರೆ ಒತ್ತಬೇಕಿಲ್ಲ. ಮರೆಯ ಹಿಂದೆ ಒಬ್ಬರೇ ಹೋಗಿ, ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕು. ಗೌಡ ಹೊರಗೆ, ಅದೇ ಸಾಲಿನಲ್ಲಿ, ಅಂಥದೇ ಚೀಟಿಗೆ ಕಾಯುತ್ತ ನಿಂತಿರುತ್ತಿದ್ದ.