ಬೇಟೆ ನಿಂತಿತು, ಬೇಟೆನಾಯಿ ಉಳಿಯಿತು

ಬೆಂಗಳೂರಿನ ಪಶ್ಚಿಮ ಭಾಗದ ವಿಜಯನಗರ, ಬಸವೇಶ್ವರನಗರ, ರಾಜಾಜಿನಗರ ಬಡಾವಣೆಗಳಲ್ಲಿ ಹಳ್ಳಿಯ ನಂಟನ್ನು ಇನ್ನೂ ಕಡಿದುಕೊಳ್ಳದ ಕುಟುಂಬಗಳು ಹೇರಳ. ಮಂಡ್ಯ, ಹಾಸನ, ತುಮಕೂರು ಸೀಮೆಗಳಿಂದ ಬಂದು ನೆಲೆಸಿದ ಇಂಥ ಮನೆಗಳ ಹಿರಿಯರ ನೆನಪಿನಲ್ಲಿ ಸುಗ್ಗಿಯ ನಂತರದ ಬಯಲು, ಮೊಲದ ಬೇಟೆ, ಜೊತೆಗೊಂದು ನಾಯಿ ಇದ್ದೇ ಇರುತ್ತವೆ. ಇಂದು ಅದೇ ಮನೆಗಳ ಮೊಮ್ಮಕ್ಕಳು ಮುಧೋಳ ತಳಿಯ ಮರಿಯನ್ನು ತಂದು ಸಾಕುತ್ತಿದ್ದಾರೆ. ಮರಿ ಬೆಳೆದಂತೆ ಮನೆಯಲ್ಲೊಂದು ಪ್ರಶ್ನೆ ಏಳುವುದು ಸಹಜ: ಊರಿಗೆ ಹೋದಾಗ ಇದನ್ನು ಮೊಲದ ಮೇಲೆ ಬಿಡಬಹುದೇ? ಸಣ್ಣ ಬೇಟೆಗೆ ಮರಳಲು ದಾರಿಯುಂಟೇ?

ಉತ್ತರ ಸ್ಪಷ್ಟವಾಗಿದೆ. ಬೇಟೆಗೆ ಮರಳಲು ಕಾನೂನಿನಲ್ಲಿ ದಾರಿಯಿಲ್ಲ. ಆದರೆ ಬೇಟೆಯೊಡನೆ ಬೆಳೆದುಬಂದ ನಾಯಿಯ ಒಡನಾಟಕ್ಕೆ ಯಾವ ಅಡ್ಡಿಯೂ ಇಲ್ಲ. ಇವೆರಡನ್ನೂ ಬೇರ್ಪಡಿಸಿ ನೋಡುವುದು ಇಂದಿನ ಅಗತ್ಯ.

ಕಾಳಿಗೆ ನೆಟ್ಟ ಕಲ್ಲು

ಕನ್ನಡ ನಾಡಿನಲ್ಲಿ ಬೇಟೆನಾಯಿಗೆ ಸಂದ ಗೌರವ ಸಾವಿರ ವರ್ಷಗಳಿಗೂ ಹಳೆಯದು. ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಸಾಗಿದರೆ ಸಿಗುವ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಅಲ್ಲಿ ದೊರೆತ ಶಾಸನದ ಕಾಲ ಶಕ ವರ್ಷ 872, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೇ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧದಲ್ಲಿ ಗಂಗ ದೊರೆ ಇಮ್ಮಡಿ ಬೂತುಗ ಕೃಷ್ಣನ ಪರವಾಗಿ ಹೋರಾಡಿದನು. ಬೂತುಗನ ಸೇವಕ ಮಣಲೆರನು ಆ ಕಾಳಗದಲ್ಲಿ ಶೌರ್ಯ ಮೆರೆದನು. ಮೆಚ್ಚಿದ ಒಡೆಯನಿಂದ ಆತ ಬೇಡಿ ಪಡೆದದ್ದು ಕಾಳಿ ಎಂಬ ಹೆಸರಿನ ನಾಯಿಯನ್ನು.

ಮುಂದೆ ಕೆಲಲೆ ಎಂಬಲ್ಲಿನ ಬೆಟ್ಟದ ಬಳಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಡಲಾಯಿತು. ಹೋರಾಟದಲ್ಲಿ ಹಂದಿಯೂ ನಾಯಿಯೂ ಸತ್ತವು. ಕಾಳಿಯ ನೆನಪಿಗಾಗಿ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಡಲಾಯಿತು. ಕಲ್ಲಿಗೆ ಪೂಜೆ ಸಲ್ಲಿಸದೆ ಪೂಜಾರಿ ಉಣ್ಣಬಾರದೆಂಬ ಕಟ್ಟುಪಾಡೂ ಶಾಸನದಲ್ಲಿದೆ. ನಾಯಿ ಮತ್ತು ಹಂದಿಯ ಕಾದಾಟವನ್ನು ಕೆತ್ತಿರುವ ಈ ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿದೆ. ವಿಜಯನಗರ ನಿಲ್ದಾಣದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದರೆ ವಸ್ತುಸಂಗ್ರಹಾಲಯ ದೂರವಿಲ್ಲ.

ಅರಮನೆಗಳಲ್ಲಂತೂ ಬೇಟೆ ಒಂದು ಶಾಸ್ತ್ರವೇ ಆಗಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನು 12ನೇ ಶತಮಾನದಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶ 'ಮಾನಸೋಲ್ಲಾಸ'ದಲ್ಲಿ ಬೇಟೆಯ ವಿನೋದಕ್ಕೂ ನಾಯಿಗಳ ವಿನೋದಕ್ಕೂ ಪ್ರತ್ಯೇಕ ಅಧ್ಯಾಯಗಳಿವೆ.

ಪರವಾನಗಿ ಇದ್ದ ಕಾಲ

ಸಣ್ಣ ಬೇಟೆ ಮೊದಲಿನಿಂದಲೂ ಅಪರಾಧವಾಗಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೂಲ ರೂಪದಲ್ಲಿ ದೊಡ್ಡ ಬೇಟೆ, ಸಣ್ಣ ಬೇಟೆ ಎಂಬ ವಿಂಗಡಣೆಯಿದ್ದು, ಪರವಾನಗಿ ಪಡೆದು ಬೇಟೆಯಾಡಲು ಅವಕಾಶವಿತ್ತು. 1991ರ ತಿದ್ದುಪಡಿ ಈ ಪರವಾನಗಿ ಪದ್ಧತಿಯನ್ನೇ ತೆಗೆದುಹಾಕಿತು. ಅಂದಿನಿಂದ ವಿನೋದಕ್ಕಾಗಲೀ ಮಾಂಸಕ್ಕಾಗಲೀ ರಕ್ಷಿತ ವನ್ಯಪ್ರಾಣಿಗಳನ್ನು ಬೇಟೆಯಾಡುವಂತಿಲ್ಲ.

'ಬೇಟೆ' ಎಂಬ ಪದಕ್ಕೆ ಕಾಯ್ದೆ ನೀಡಿರುವ ಅರ್ಥವನ್ನು ನಾಯಿ ಸಾಕುವವರು ವಿಶೇಷವಾಗಿ ಗಮನಿಸಬೇಕು. ಕೊಲ್ಲುವುದಷ್ಟೇ ಬೇಟೆಯಲ್ಲ. ಹಿಡಿಯುವುದು, ನಾಯಿ ಬಿಟ್ಟು ಅಟ್ಟಿಸುವುದು, ಉರುಳು ಒಡ್ಡುವುದು, ಬಲೆಯತ್ತ ಓಡಿಸುವುದು ಹಾಗೂ ಇಂಥ ಪ್ರತಿಯೊಂದು ಪ್ರಯತ್ನವೂ ಬೇಟೆಯೇ. ಮೊಲ ತಪ್ಪಿಸಿಕೊಂಡಿತು ಎಂಬುದು ಸಮರ್ಥನೆಯಾಗದು. ಜಮೀನು ಸ್ವಂತದ್ದು ಎಂಬ ವಾದವೂ ನಿಲ್ಲದು; ಕಾಡಿನಂತೆ ಹೊಲದಲ್ಲೂ ಕಾಯ್ದೆ ಅನ್ವಯಿಸುತ್ತದೆ.

2022ರಲ್ಲಿ ಮತ್ತೆ ತಿದ್ದುಪಡಿಯಾದ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಸಾಮಾನ್ಯ ಅಪರಾಧಗಳಿಗೆ 3 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ನವಿಲಿನಂಥ ಮೊದಲನೇ ಅನುಸೂಚಿಯ ಪ್ರಾಣಿಪಕ್ಷಿಗಳ ವಿಷಯದಲ್ಲಿ ಶಿಕ್ಷೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಇದೆ.

ಕಾಯ್ದೆ ಬಂದ ಮಾತ್ರಕ್ಕೆ ರೂಢಿ ಅಳಿಯಲಿಲ್ಲ. ಉತ್ತರ ಕರ್ನಾಟಕದ ಕೆಲವು ಹಳ್ಳಿಗಳಲ್ಲಿ ಯುಗಾದಿಯ ವೇಳೆ ಮೊಲದ ಬೇಟೆಗೆ ಹೊರಡುವ ಪದ್ಧತಿ ಇಂದಿಗೂ ಅರಣ್ಯ ಇಲಾಖೆಗೆ ತಲೆನೋವಾಗಿದೆ. ಇತರೆಡೆ ಆಚರಣೆ ಕಾಲಕ್ಕೆ ತಕ್ಕಂತೆ ರೂಪ ಬದಲಿಸಿದೆ. ಕೊಡಗಿನಲ್ಲಿ ಆಯುಧಗಳನ್ನು ಪೂಜಿಸಿ ಬೇಟೆಗೆ ಹೊರಡುವ ಕೈಲ್‌ಪೊಳ್ದ್ ಹಬ್ಬದಲ್ಲಿ ಈಗ ಬಂದೂಕಿನ ಗುರಿಯಾಗುವುದು ಮರದ ಮೇಲಿನ ತೆಂಗಿನಕಾಯಿ. ಬೇಟೆ ಹೋದರೂ ಹಬ್ಬ ಹೋಗಲಿಲ್ಲ ಎಂಬುದು ಇಲ್ಲಿ ಗಮನಾರ್ಹ.

ಮುಧೋಳದ ಓಟಗಾರ

ಬೇಟೆ ನಿಂತಾಗ ಬೇಟೆಗಾಗಿಯೇ ರೂಪುಗೊಂಡ ತಳಿಯ ಗತಿಯೇನು? ಈ ಪ್ರಶ್ನೆಗೆ ಬಾಗಲಕೋಟೆ ಜಿಲ್ಲೆಯ ಮುಧೋಳ ಉತ್ತರ ಕೊಡುತ್ತದೆ. ಈ ಭಾಗದ ಬೇಡ ಸಮುದಾಯದವರು ಬಳಸುತ್ತಿದ್ದ ತೆಳುಮೈಯ, ಉದ್ದ ಕಾಲಿನ ನಾಯಿಗಳನ್ನು ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಅವರು ಗಮನಿಸಿ, ತಳಿಯನ್ನು ಬೆಳೆಸಿದರು. ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ಅವರು ಒಂದು ಜೊತೆ ನಾಯಿಗಳನ್ನು ಉಡುಗೊರೆಯಾಗಿ ಕೊಟ್ಟ ನಂತರ ತಳಿಗೆ ಮುಧೋಳದ ಹೆಸರು ಅಂಟಿತು ಎಂಬುದು ಪ್ರಚಲಿತ ಇತಿಹಾಸ. ಕರವಾನಿ ಎಂಬ ಹೆಸರೂ ಇದಕ್ಕಿದೆ.

ಇದು ವಾಸನೆಗಿಂತ ಕಣ್ಣನ್ನು ನೆಚ್ಚಿ ಬೇಟೆಯಾಡುವ ಜಾತಿ. ಚೂಪಾದ ಉದ್ದ ತಲೆ, ಆಳವಾದ ಎದೆ, ಸೆಳೆದ ಹೊಟ್ಟೆ ಓಟಕ್ಕೆ ಹೇಳಿ ಮಾಡಿಸಿದಂತಿವೆ. ದೂರದಲ್ಲಿ ಏನಾದರೂ ಚಲಿಸಿದರೆ ಸಾಕು, ಬೆನ್ನಟ್ಟುವುದು ಇದರ ಹುಟ್ಟುಗುಣ.

ಬೇಟೆಯಿಲ್ಲದ ಕಾಲದಲ್ಲಿ ತಳಿಯನ್ನು ಉಳಿಸಲು ಹೊಸ ಕೆಲಸಗಳು ಬೇಕಾದವು. ಬೀದರ್‌ನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವು ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವನ್ನು ನಡೆಸುತ್ತಿದೆ. ಅಂಚೆ ಇಲಾಖೆ 2005ರಲ್ಲಿ ಹೊರತಂದ ಶ್ವಾನ ತಳಿಗಳ ಅಂಚೆಚೀಟಿಗಳಲ್ಲಿ ಮುಧೋಳಕ್ಕೂ ಸ್ಥಾನ ದೊರೆಯಿತು. 2016ರಲ್ಲಿ ಮರಿಗಳು ತರಬೇತಿಗಾಗಿ ಮೀರತ್‌ನ ಸೇನಾ ಕೇಂದ್ರಕ್ಕೆ ತೆರಳಿದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು 'ಮನದ ಮಾತು' ಕಾರ್ಯಕ್ರಮದಲ್ಲಿ ಹೆಸರಿಸಿದ ಬಳಿಕ ನಗರವಾಸಿಗಳಿಗೂ ತಳಿಯ ಪರಿಚಯ ಹೆಚ್ಚಿತು.

ಹೊರಗಿನ ಅನುಭವವೂ ಭಿನ್ನವಾಗಿಲ್ಲ. ನಾಯಿ ಬಿಟ್ಟು ಕಾಡುಮೊಲ ಓಡಿಸುವ ಪಂದ್ಯಗಳಿಗೆ ಹೆಸರಾಗಿದ್ದ ಇಂಗ್ಲೆಂಡಿನಲ್ಲೇ 2004ರ ಕಾಯ್ದೆ ಅವುಗಳನ್ನು ನಿಷೇಧಿಸಿತು. 2005ರ ಫೆಬ್ರುವರಿಯಲ್ಲಿ ಅದು ಜಾರಿಗೆ ಬಂತು. ಜೀವಂತ ಮೊಲದ ಬದಲು ಯಂತ್ರ ಎಳೆಯುವ ಬಟ್ಟೆಯ ತುಂಡನ್ನು ಬೆನ್ನಟ್ಟಿಸುವ ಕ್ರೀಡೆ ಹಲವು ದೇಶಗಳಲ್ಲಿದೆ. ನಾಯಿಗೆ ಓಟದ ಸುಖ ಸಿಗುತ್ತದೆ, ಮೊಲದ ಜೀವ ಉಳಿಯುತ್ತದೆ.

ನಗರದಲ್ಲಿ ಸಾಕುವವರಿಗೆ

ವಿಜಯನಗರದಂಥ ಕಿಕ್ಕಿರಿದ ಬಡಾವಣೆಯಲ್ಲಿ ಮುಧೋಳ ನಾಯಿ ಸಾಕುವವರು ಮೊದಲು ಯೋಚಿಸಬೇಕಾದದ್ದು ಓಟದ ಬಗ್ಗೆ. ದಿನಕ್ಕೆ ಎರಡು ಬಾರಿ ಬೀದಿ ಸುತ್ತಿಸಿದರೆ ಸಾಲದು; ಬೇಲಿಯುಳ್ಳ ಬಯಲಿನಲ್ಲಿ ಮನಸಾರೆ ಓಡಲು ಬಿಡಬೇಕು. ಅದಕ್ಕೆ ಅನುಕೂಲವಿಲ್ಲದವರು ಬೇರೆ ತಳಿಯನ್ನು ಆರಿಸಿಕೊಳ್ಳುವುದೇ ಲೇಸು. ಪಕ್ಕೆಲುಬು ಕಾಣುವುದು ಈ ತಳಿಯ ಲಕ್ಷಣ. ಹಸಿವೆಂದು ತಿಳಿದು ಅತಿಯಾಗಿ ತಿನ್ನಿಸಬಾರದು. ಅಪರಿಚಿತರೊಡನೆ ಬೇಗ ಬೆರೆಯದ ಸ್ವಭಾವವಿರುವುದರಿಂದ ಮರಿಯಿದ್ದಾಗಲೇ ಜನರ, ವಾಹನಗಳ ಒಡನಾಟ ರೂಢಿಸಬೇಕು. ರೇಬೀಸ್ ಲಸಿಕೆಯನ್ನು ತಪ್ಪಿಸಬಾರದು.

ಕೆಂಗೇರಿಯ ಆಚೆ ತುರಹಳ್ಳಿಯಂಥ ಅರಣ್ಯದಂಚಿಗೆ ಅಥವಾ ರಜೆಯಲ್ಲಿ ಊರಿನ ಹೊಲಕ್ಕೆ ಕರೆದೊಯ್ದಾಗ ಹಗ್ಗ ಕೈಯಲ್ಲೇ ಇರಬೇಕು. ನವಿಲು, ಮೊಲ, ಕವುಜುಗ ಕಂಡೊಡನೆ ನಾಯಿ ನುಗ್ಗುವುದು ಅದರ ತಪ್ಪಲ್ಲ. ಹಗ್ಗ ಬಿಟ್ಟವರ ತಪ್ಪು.

ಕನ್ನಡ ಓದುಗರಿಗೆ ಪ್ರಿಯವಾದ ಬೇಟೆನಾಯಿ ಮತ್ತೊಂದಿದೆ. ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಅವರ 'ಕರ್ವಾಲೊ', 'ಪರಿಸರದ ಕತೆ' ಕೃತಿಗಳಲ್ಲಿ ಬರುವ ಕಿವಿ ಅದು. ಬಂದೂಕು ಹಿಡಿದು ಮಲೆನಾಡಿನ ಕಾಡು ಸುತ್ತಿದ ತೇಜಸ್ವಿ ಮುಂದೆ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆದರು. ಕಾಡಿನ ನಂಟು ಕಡಿಯಲಿಲ್ಲ, ಕೈಯಲ್ಲಿದ್ದ ಸಾಧನವಷ್ಟೇ ಬದಲಾಯಿತು. ಬೇಟೆಯ ನೆನಪಿನಿಂದ ನಾಯಿ ಸಾಕಲು ಹೊರಟ ನಗರವಾಸಿಗಳಿಗೂ ತೆರೆದಿರುವ ದಾರಿ ಅದೇ. ಮಣಲೆರನು ಒಡೆಯನಲ್ಲಿ ಬೇಡಿದ್ದು ಹಂದಿಯ ಮಾಂಸವನ್ನಲ್ಲ, ಕಾಳಿಯನ್ನು.