ಏರ್ ಡಿಸ್ಕ್ ಬ್ರೇಕ್

ಏರ್ ಡಿಸ್ಕ್ ಬ್ರೇಕ್ ಎಂಬುದು ಲಾರಿ, ಬಸ್ಸು, ಟ್ರೇಲರ್ ಮುಂತಾದ ಭಾರೀ ವಾಹನಗಳಲ್ಲಿ ಸಂಕುಚಿತ ಗಾಳಿಯ ಒತ್ತಡದಿಂದ ಕಾರ್ಯನಿರ್ವಹಿಸುವ ಬ್ರೇಕ್ ವ್ಯವಸ್ಥೆ. ಕಾರುಗಳ ಡಿಸ್ಕ್ ಬ್ರೇಕಿನಲ್ಲಿ ದ್ರವವು ಮಾಡುವ ಕೆಲಸವನ್ನು ಇಲ್ಲಿ ಗಾಳಿಯು ಮಾಡುತ್ತದೆ.

ರಚನೆ ಮತ್ತು ಕಾರ್ಯವಿಧಾನ

ಚಕ್ರದೊಂದಿಗೆ ತಿರುಗುವ ಎರಕದ ಕಬ್ಬಿಣದ ಡಿಸ್ಕ್, ಅದರ ಎರಡು ಬದಿಯ ಪ್ಯಾಡುಗಳು, ಕ್ಯಾಲಿಪರ್ ಮತ್ತು ಬ್ರೇಕ್ ಚೇಂಬರ್ ಇದರ ಮುಖ್ಯ ಭಾಗಗಳು. ಚಾಲಕನು ಪೆಡಲ್ ಒತ್ತಿದಾಗ ಚೇಂಬರಿಗೆ ನುಗ್ಗುವ ಗಾಳಿಯು ದಂಡವೊಂದನ್ನು ತಳ್ಳುತ್ತದೆ. ಕ್ಯಾಲಿಪರಿನ ಒಳಗಿರುವ ಸನ್ನೆಯು ಈ ಬಲವನ್ನು ಹಲವು ಪಟ್ಟು ಹೆಚ್ಚಿಸಿ ಒಳಬದಿಯ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆಗ ಕ್ಯಾಲಿಪರ್ ಗೈಡ್ ಪಿನ್ನುಗಳ ಮೇಲೆ ಜಾರಿ ಹೊರಬದಿಯ ಪ್ಯಾಡನ್ನೂ ಡಿಸ್ಕಿಗೆ ಒತ್ತುತ್ತದೆ. ಪ್ಯಾಡುಗಳು ಸವೆದಂತೆ ಹೆಚ್ಚುವ ಅಂತರವನ್ನು ಒಳಗಿನ ಸಾಧನವೊಂದು ತಾನಾಗಿಯೇ ಸರಿಹೊಂದಿಸುತ್ತದೆ.

ಡ್ರಮ್ ಬ್ರೇಕಿನೊಂದಿಗೆ ಹೋಲಿಕೆ

ಉದ್ದನೆಯ ಇಳಿಜಾರಿನಲ್ಲಿ ಸತತವಾಗಿ ಬ್ರೇಕ್ ಹಾಕಿದಾಗ ಡ್ರಮ್ ಕಾದು ಹಿಗ್ಗಿ ಬ್ರೇಕ್ ಶೂಗಳಿಂದ ದೂರ ಸರಿಯುತ್ತದೆ. ಬ್ರೇಕಿನ ಹಿಡಿತ ಕುಗ್ಗುತ್ತದೆ. ಡಿಸ್ಕ್ ಕಾದಾಗ ಪ್ಯಾಡುಗಳ ಕಡೆಗೇ ಹಿಗ್ಗುತ್ತದೆ ಮತ್ತು ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ. ಆದರೂ ಇಳಿಜಾರಿನಲ್ಲಿ ಕೆಳಗಿನ ಗೇರ್ ಮತ್ತು ಎಂಜಿನ್ ಬ್ರೇಕ್ ಬಳಸುವುದು ಅವಶ್ಯ. ಡಿಸ್ಕ್ ಬ್ರೇಕಿನ ಬೆಲೆ ಹೆಚ್ಚು.

ಬಳಕೆ

1996ರಲ್ಲಿ ಬಂದ ಮರ್ಸಿಡಿಸ್-ಬೆಂಜ್ ಆಕ್ಟ್ರೋಸ್ ಲಾರಿಯು ಎಲ್ಲ ಚಕ್ರಗಳಿಗೂ ಡಿಸ್ಕ್ ಬ್ರೇಕ್ ಹೊಂದಿತ್ತು. ಅಮೆರಿಕವು 2009ರ ನಿಯಮದಲ್ಲಿ, ಗಂಟೆಗೆ ಸುಮಾರು 96 ಕಿ.ಮೀ. ವೇಗದಲ್ಲಿರುವ ಹೆಚ್ಚಿನ ಟ್ರಾಕ್ಟರ್-ಲಾರಿಗಳು ನಿಲ್ಲಬೇಕಾದ ದೂರವನ್ನು ಸುಮಾರು 108 ಮೀಟರಿನಿಂದ 76 ಮೀಟರಿಗೆ ಇಳಿಸಿತು. ಸುಧಾರಿತ ಡ್ರಮ್ ಬ್ರೇಕುಗಳೂ ಈ ಮಿತಿಯನ್ನು ತಲುಪಬಲ್ಲವಾದರೂ, ಅಲ್ಲಿ ಡಿಸ್ಕ್ ಬ್ರೇಕಿನ ಬಳಕೆಗೆ ಇದು ಉತ್ತೇಜನ ನೀಡಿತು.

ನಿರ್ವಹಣೆ

ಅಂತರವು ತಾನಾಗಿಯೇ ಸರಿಹೊಂದುವುದರಿಂದ, ಪ್ಯಾಡ್ ಬಹುತೇಕ ಸವೆದಿದ್ದರೂ ಪೆಡಲಿನಲ್ಲಿ ಅದರ ಸುಳಿವು ಸಿಗದು. ಆದ್ದರಿಂದ ನಿಯತ ತಪಾಸಣೆ ಮುಖ್ಯ.

* ಪ್ಯಾಡ್: ಘರ್ಷಣಾ ಪದರದ ದಪ್ಪವು ತಯಾರಕರು ಸೂಚಿಸಿದ ಮಿತಿಗಿಂತ (ಹಲವು ಮಾದರಿಗಳಲ್ಲಿ 2 ಮಿ.ಮೀ.) ಕಡಿಮೆಯಾಗುವ ಮೊದಲೇ ಒಂದು ಆಕ್ಸಲಿನ ಎಲ್ಲ ಪ್ಯಾಡುಗಳನ್ನು ಒಟ್ಟಿಗೆ ಬದಲಿಸಬೇಕು.
* ಗೈಡ್ ಪಿನ್: ಕ್ಯಾಲಿಪರ್ ಕೈಯಿಂದ ತಳ್ಳಿದಾಗ ಸಲೀಸಾಗಿ ಜಾರಬೇಕು. ರಬ್ಬರ್ ಹೊದಿಕೆ ಹರಿದರೆ ನೀರು ಸೇರಿ ಪಿನ್ ತುಕ್ಕು ಹಿಡಿಯುತ್ತದೆ. ಆಗ ಒಂದೇ ಬದಿಯ ಪ್ಯಾಡ್ ವೇಗವಾಗಿ ಸವೆದು ಡಿಸ್ಕ್ ಅತಿಯಾಗಿ ಕಾಯುತ್ತದೆ.
* ಡಿಸ್ಕ್: ಮೇಲ್ಮೈಯ ನವಿರಾದ ಗೆರೆಗಳು ಸಾಮಾನ್ಯ. ಅಂಚಿನವರೆಗೆ ಚಾಚಿದ ಬಿರುಕಿದ್ದರೆ ಅಥವಾ ದಪ್ಪವು ಮಿತಿಗಿಂತ ಕಡಿಮೆಯಾಗಿದ್ದರೆ ಡಿಸ್ಕನ್ನು ಬದಲಿಸಬೇಕು.

ಸುರಕ್ಷತೆ

ಚಕ್ರ ಬಿಚ್ಚುವ ಮೊದಲು ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಇತರ ಚಕ್ರಗಳಿಗೆ ಅಡೆ ಕೊಡಬೇಕು. ಪಾರ್ಕಿಂಗ್ ಬ್ರೇಕಿನ ಚೇಂಬರಿನಲ್ಲಿ ಪ್ರಬಲವಾದ ಸ್ಪ್ರಿಂಗ್ ಬಿಗಿಯಾಗಿ ಅದುಮಿರುತ್ತದೆ. ಅದನ್ನು ತೆರೆಯುವುದು ಪ್ರಾಣಾಪಾಯಕಾರಿ.